ಇಲ್ಲದ ಕಾಲಿಗಾಗಿ ಕೊಲಂಬೊಗೆ

ಹೊರಡುವ ಮೊದಲು

ಮೊಮ್ಮಕ್ಕಳೇ, ನೀವು ಮೂವರೂ ಸಣ್ಣವರಿದ್ದಾಗ ನನ್ನ ಮರದ ಕಾಲನ್ನು ಗೋಡೆಗೆ ಆನಿಸಿ, ಅದನ್ನೇ ವಿಕೆಟ್ ಮಾಡಿಕೊಂಡು ಕ್ರಿಕೆಟ್ ಆಡಿದವರು. ಆ ಕಾಲು ಸಮುದ್ರ ದಾಟಿ ಬಂದದ್ದು ಎಂದರೆ ನಂಬಲಿಲ್ಲ. "ಆಯಿ, ನೀ ಕಲಬುರಗಿ ದಾಟಿ ಎಲ್ಲಿಗಿ ಹೋಗಿದಿ" ಎಂದು ನಕ್ಕಿರಿ. ಬಾಯಿಬಿಟ್ಟು ಹೇಳುವುದೆಂದರೆ ನನಗೆ ಮೊದಲಿನಿಂದಲೂ ಸಂಕೋಚ. ಬರೆಯುವಾಗ ಎದುರಿಗೆ ಯಾರೂ ಕುಳಿತಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಮಹಾಗಾಂವ, ಗಂಡನ ಮನೆ ಕಮಲಾಪುರ. ಎರಡರ ನಡುವೆ ಓಡಾಡುವ ಟೆಂಪೊ ಒಂದು ದಿನ ಕ್ರಾಸಿನ ಹತ್ತಿರ ಮಗುಚಿ ಬಿತ್ತು. ಉಳಿದವರಿಗೆ ತರಚು ಗಾಯ. ನನ್ನ ಬಲಗಾಲು ಮಾತ್ರ ಅದರ ಅಡಿಗೆ ಸಿಕ್ಕಿತು. ಕಲಬುರಗಿಯ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ತೆಗೆದ ಕಾಲನ್ನು ಏನು ಮಾಡುತ್ತೀರಿ ಎಂದು ಕೇಳಿದಾಗ ನನ್ನ ತಮ್ಮ ಬಸಣ್ಣ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಸಿಕೊಂಡು ಹೋಗಿ ಮಹಾಗಾಂವದ ನಮ್ಮ ಹೊಲದಲ್ಲಿ, ಬೇವಿನ ಗಿಡದ ಪಕ್ಕ, ಮಣ್ಣು ಮಾಡಿ ಬಂದ. ನಮ್ಮಲ್ಲಿ ಸತ್ತವರನ್ನು ಮಣ್ಣು ಮಾಡುತ್ತಾರೆ. ಕಾಲಿಗೂ ಅದೇ ಮರ್ಯಾದೆ ಸಿಕ್ಕಿತು. ಹೆಬ್ಬೆರಳಿನ ಪಕ್ಕದ ಬೆರಳಿನಲ್ಲಿದ್ದ ಬೆಳ್ಳಿಯ ಕಾಲುಂಗುರವನ್ನು ಅವನು ತೆಗೆಯಲಿಲ್ಲ. ನಿಮ್ಮ ಮುತ್ಯಾ, ನನ್ನ ಗಂಡ, ಆಗ ಇನ್ನೂ ಇದ್ದರು. ಮುತ್ತೈದೆಯ ಕಾಲುಂಗುರವನ್ನು ತಮ್ಮನಾದವನು ಹೇಗೆ ತೆಗೆಯುತ್ತಾನೆ?

ಎರಡು ವರ್ಷಕ್ಕೆ ನಿಮ್ಮ ಮುತ್ಯಾ ಹೋದರು. ಓಣಿಯ ಹಿರಿಯ ಹೆಂಗಸರು ಬಂದು ನನ್ನ ಬಳೆ, ತಾಳಿ, ಎಡಗಾಲಿನ ಕಾಲುಂಗುರ ತೆಗೆದರು. ಬಲಗಾಲಿನದನ್ನು ತೆಗೆಯಲು ಬಲಗಾಲೇ ಇರಲಿಲ್ಲ. ಆ ವಾರವೇ ಅಲ್ಲಿ ನೋವು ಶುರುವಾಯಿತು. ಇಲ್ಲದ ಕಾಲಿನ ಇಲ್ಲದ ಬೆರಳಿನಲ್ಲಿ ಉಂಗುರ ಬಿಗಿಯುವ ನೋವು. ಆ ಉಂಗುರ ಮೊದಲೂ ಬಿಗಿಯಾಗಿಯೇ ಇತ್ತು. ಪತ್ತಾರನ ಹತ್ತಿರ ಹೋಗಿ ಸಡಿಲ ಮಾಡಿಸಬೇಕು ಎನ್ನುತ್ತಲೇ ದಿನ ಕಳೆದಿದ್ದೆ. ಈಗ ಅದು ಹುರಿಯ ಹಾಗೆ ಹಿಂಡುತ್ತಿತ್ತು. ರೊಟ್ಟಿ ತಟ್ಟುತ್ತ ಕೂತವಳು ಹಿಟ್ಟು ಬಿಟ್ಟು ಹಲ್ಲು ಕಚ್ಚುತ್ತಿದ್ದೆ. ನಿಮ್ಮ ಅವ್ವ ಆಗ ಚಿಕ್ಕ ಹುಡುಗಿ. ಆ ಹೊತ್ತಿನ ನನ್ನ ಮುಖಕ್ಕೆ ಹೆದರಿ ಅಡುಗೆಮನೆಗೆ ಬರುವುದನ್ನೇ ಬಿಟ್ಟಿದ್ದಳು. ನನಗೆ ನೋವಿಗಿಂತ ಅದೇ ಹೆಚ್ಚಾಗಿತ್ತು.

ಎಲ್ಲಿ ನೋವು ಎಂದು ಕೇಳಿದವರಿಗೆಲ್ಲ "ಕಾಲು" ಎನ್ನುತ್ತಿದ್ದೆ, ಅಷ್ಟೇ. ಗಂಡ ಸತ್ತವಳಿಗೆ ಕಾಲುಂಗುರ ಬಿಗಿಯುತ್ತದೆ ಎಂದು ಯಾರ ಮುಂದೆ ಹೇಳುವುದು? ಇನ್ನೂ ಹಾಕಿಕೊಂಡಿದ್ದೀಯಾ ಎಂದು ಕೇಳಿದರೆ? ಬಸಣ್ಣನಿಗಂತೂ ಹೇಳುವಂತೆಯೇ ಇರಲಿಲ್ಲ. ಮಣ್ಣು ಮಾಡಿದವನೇ ಅವನು.

ಬಸಣ್ಣ ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಹತ್ತಿರ ಒಬ್ಬ ಡಾಕ್ಟರರ ಬಳಿ ಕಂಪೌಂಡರ್ ಆಗಿದ್ದ. ಅವನಿಗೆ ಗೊತ್ತಿದ್ದದ್ದೂ ಗೊತ್ತು, ಗೊತ್ತಿಲ್ಲದ್ದೂ ಗೊತ್ತು. ಕೊಲಂಬೊದಲ್ಲಿ ಸೂಜಿ ಚುಚ್ಚಿ, ಸಣ್ಣ ಕರೆಂಟ್ ಕೊಟ್ಟು ಇಂಥ ನೋವು ಕಡಿಮೆ ಮಾಡುತ್ತಾರೆ ಎಂದು ಅವನೇ ಎಲ್ಲಿಯೋ ಓದಿಕೊಂಡು ಬಂದ. ಅವನ ಡಾಕ್ಟರರು ಒಳ್ಳೆಯವರು. ಕಡಿದ ಕಾಲು ನೋಯುವುದು ಹುಚ್ಚಲ್ಲ, ಸುಳ್ಳೂ ಅಲ್ಲ, ತಮ್ಮ ಗುಳಿಗೆಗಳಿಂದ ಇನ್ನೇನೂ ಆಗುವುದಿಲ್ಲ, ಅಲ್ಲಿಗೆ ಹೋಗಿ ನೋಡಿರಿ ಎಂದು ಚೀಟಿ ಬರೆದುಕೊಟ್ಟರು. ಎಂಬತ್ತೆರಡನೆಯ ಇಸವಿ. ತೊಗರಿ ರಾಶಿ ಮುಗಿದಿತ್ತು. ನಿಮ್ಮ ಅವ್ವನನ್ನು ಬಸಣ್ಣನ ಹೆಂಡತಿಯ ಹತ್ತಿರ ಬಿಟ್ಟು ಹೊರಟೆವು.

ರಾಮೇಶ್ವರ

ರೈಲಿನಲ್ಲಿ ಬಸಣ್ಣ ಡಬ್ಬಿಯ ಮಂದಿಗೆಲ್ಲ ನನ್ನ ಕಾಲಿನ ಕಥೆ ಹೇಳಿದ. ಮದ್ರಾಸ್ ಬರುವ ಹೊತ್ತಿಗೆ ನನಗೇ ಗೊತ್ತಿಲ್ಲದ ಸಂಗತಿಗಳು ಅದರಲ್ಲಿ ಸೇರಿದ್ದವು. ನಾನು ಸೆರಗು ಮುಂದೆ ಎಳೆದುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತೆ.

ರಾಮೇಶ್ವರದಿಂದ ಹಡಗು. ಸಮುದ್ರವನ್ನು ನಾನು ಕಂಡದ್ದು ಆಗಲೇ ಮೊದಲು. ಎಷ್ಟು ದೊಡ್ಡದು ಎಂದು ಬೆರಗಾಗುವಷ್ಟು ಪುರುಸೊತ್ತು ಸಿಗಲಿಲ್ಲ. ಹಡಗಿಗೆ ಹತ್ತಲು ಹಲಗೆ ಹಾಕಿದ್ದರು, ಹಲಗೆಯ ನಡುವೆ ಸಂದು. ಹಿಂದಿನಿಂದ ಮಂದಿ ತಳ್ಳಿದ ರಭಸಕ್ಕೆ ನನ್ನ ಮರದ ಕಾಲು ಆ ಸಂದಿನಲ್ಲಿ ಸಿಕ್ಕಿತು. ಚರ್ಮದ ಪಟ್ಟಿ ಬಿಚ್ಚಿಕೊಂಡಿತು. ಬಸಣ್ಣ ತೋಳು ಹಿಡಿದು ಮೇಲಕ್ಕೆ ಎಳೆದ. ನಾನು ಹಡಗು ಹತ್ತಿದೆ, ಕಾಲು ಇಂಡಿಯಾದಲ್ಲೇ ಉಳಿಯಿತು.

ನನ್ನ ಹಿಂದೆ ಬರುತ್ತಿದ್ದ ತಮಿಳು ಮುದುಕರೊಬ್ಬರು ಸಂದಿನಲ್ಲಿ ನೆಟ್ಟಗೆ ನಿಂತಿದ್ದ ಕಾಲನ್ನು ನೋಡಿ ಕೈಮುಗಿದರು. ರಾಮೇಶ್ವರವಾದ್ದರಿಂದ ಏನೋ ಎಂದುಕೊಂಡಿರಬೇಕು. ಕೊನೆಗೆ ಒಬ್ಬ ಖಲಾಸಿ ಅದನ್ನು ಕಿತ್ತು, ಹೆಗಲ ಮೇಲಿಟ್ಟುಕೊಂಡು ಬಂದು, ಯಾರದು ಯಾರದು ಎಂದು ಕೂಗುತ್ತ ಹಡಗಿನ ತುಂಬ ತಿರುಗಿದ. ನನ್ನದು ಎಂದು ಹೇಳಲು ನನಗೆ ನಾಚಿಕೆ. ಎಲ್ಲರೂ ಕಾಲು ನೋಡುತ್ತಿದ್ದಾರೆ, ಹೇಳಿದರೆ ನನ್ನನ್ನು ನೋಡುತ್ತಾರೆ. ಬಸಣ್ಣನೇ ಎದ್ದು ಹೋಗಿ ತಂದ.

"ಅಕ್ಕಾ, ಕಾಲು ಕಳದ್ರೂ ಬಾಯಿ ತೆಗಿಯಂಗಿಲ್ಲಲ್ಲ ನೀ. ಡಾಕ್ಟರ್ ಮುಂದ ಹ್ಯಾಂಗ ಮಾತಾಡ್ತೀದಿ?" ಎಂದ.

"ನೀ ಅದೀಯಲ್ಲ, ಮಾತಾಡ್ಲಿಕ್ಕಿ" ಎಂದೆ.

ತಲೈಮನ್ನಾರ್

ಆ ದಡದಲ್ಲಿ ಸಾಮಾನು ತಪಾಸಣೆ. ಸಾಹೇಬರು ಗಂಭೀರ ಮುಖದವರು. ನನ್ನ ಮರದ ಕಾಲನ್ನು ಬಿಚ್ಚಿಸಿ ಪೆನ್ಸಿಲಿನಿಂದ ಟಕ್ ಟಕ್ ಎಂದು ಬಡಿದು, ಒಳಗೆ ಏನಿದೆ ಎಂದು ಕೇಳಿದರು. ಒಳಗೆ ನಮ್ಮ ಅಕ್ಕನ ಕಾಲು ಇರುತ್ತದೆ ಎಂದು ಬಸಣ್ಣ ಇಂಗ್ಲಿಷಿನಲ್ಲಿ ಹೇಳಿದನಂತೆ. ಆಮೇಲೆ ಬುತ್ತಿಯ ಗಂಟು ಬಿಚ್ಚಿಸಿದರು. ಅದರಲ್ಲಿ ಖಡಕ್ ಜೋಳದ ರೊಟ್ಟಿ. ರೊಟ್ಟಿಯನ್ನೂ ಪೆನ್ಸಿಲಿನಿಂದ ಬಡಿದರು. ಅದೂ ಟಕ್ ಟಕ್ ಎಂದಿತು. ಸಾಹೇಬರು ಒಮ್ಮೆ ಕಾಲು, ಒಮ್ಮೆ ರೊಟ್ಟಿ ನೋಡಿದರು. ಬಸಣ್ಣ ಒಂದು ಚೂರು ಮುರಿದು ಶೇಂಗಾ ಹಿಂಡಿಯ ಚಟ್ನಿ ಹಚ್ಚಿ ತಾನು ತಿಂದು ತೋರಿಸಿದ, ಅವರಿಗೂ ಒಂದು ಚೂರು ಕೊಟ್ಟ. ಅವರು ತಿಂದು, ನೀರು ಕುಡಿದು, ಇನ್ನೊಂದು ಚೂರಿಗೆ ಕೈ ಚಾಚಿದರು. ಪಾಸ್‌ಪೋರ್ಟಿಗೆ ಠಸ್ಸೆ ಬಿತ್ತು.

ಕೊಲಂಬೊ

ನಮ್ಮ ಕಪ್ಪು ನೆಲ ನೋಡಿದ ಕಣ್ಣಿಗೆ ಆ ಊರು ಅತಿಯಾಯಿತು. ಎಲ್ಲಿ ನೋಡಿದರೂ ಹಸಿರು, ಎಲ್ಲಿ ನೋಡಿದರೂ ತೆಂಗು. ಮುಂಜಾನೆ ಅಕ್ಕಿ ಹಿಟ್ಟಿನ ಅಪ್ಪ, ಮಧ್ಯಾಹ್ನ ಅನ್ನ, ಸಂಜೆಯೂ ಅನ್ನ. ಎಲ್ಲದಕ್ಕೂ ತೆಂಗಿನ ಹಾಲು. ಚಹಾದಲ್ಲಿ ಸಕ್ಕರೆ ಹಾಕದೆ, ಬೆಲ್ಲದ ತುಂಡನ್ನು ಅಂಗೈಯಲ್ಲಿ ಇಟ್ಟುಕೊಂಡು ಒಂದು ಕಡಿತ, ಒಂದು ಗುಟುಕು. ಇದು ನನಗೆ ಬಹಳ ಹಿಡಿಸಿತು. ಊರಿಗೆ ಬಂದ ಮೇಲೂ ನಾನು ಹಾಗೆ ಕುಡಿಯುವುದು ಅಲ್ಲಿಂದ ಕಲಿತದ್ದು.

ಡಾಕ್ಟರರಿಗೆ ಕೊಡಲು ಕಮಲಾಪುರದ ಕೆಂಪು ಬಾಳೆಹಣ್ಣು ತಂದಿದ್ದೆ. ಇಂಥದ್ದು ಲೋಕದಲ್ಲಿ ಎಲ್ಲಿಯೂ ಸಿಗುವುದಿಲ್ಲ ಎಂದು ನಮ್ಮೂರವರ ನಂಬಿಕೆ. ದಾರಿಯಲ್ಲಿ ಅವು ಕಪ್ಪಾಗಿದ್ದವು. ಆದರೂ ಕೊಡೋಣ ಎಂದು ಹೋದರೆ ದವಾಖಾನೆಯ ಎದುರಿನ ಅಂಗಡಿಯಲ್ಲಿ ನನ್ನ ಹಣ್ಣಿಗಿಂತ ಕೆಂಪಾದ ಗೊನೆಗಳು ಸಾಲಾಗಿ ತೂಗುತ್ತಿದ್ದವು. ನಾನು ಚೀಲದ ಬಾಯಿ ಕಟ್ಟಿದೆ. ಬಸಣ್ಣ ಮಾತ್ರ ಅಂಗಡಿಯವನಿಗೆ, ನಿನ್ನದಕ್ಕೆ ನಮ್ಮ ಹಣ್ಣಿನ ವಾಸನೆ ಇಲ್ಲ ಎಂದು ಹೇಳಿಯೇ ಬಂದ.

ಮೊದಲ ದಿನ

ಡಾಕ್ಟರರು ಸಿಂಹಳದವರು, ವಯಸ್ಸಾದವರು, ಮೆತ್ತಗೆ ಮಾತಾಡುವವರು. ಅವರ ಇಂಗ್ಲಿಷನ್ನು ಬಸಣ್ಣ ನನಗೆ ಹೇಳಬೇಕು, ನನ್ನದನ್ನು ಅವರಿಗೆ. ಇಲ್ಲದ ಕಾಲು ಯಾಕೆ ನೋಯುತ್ತದೆ ಎಂದು ಅವರು ಬಹಳ ಹೊತ್ತು ವಿವರಿಸಿದರು. ಬಸಣ್ಣ ಅದನ್ನು ಹೀಗೆ ಹೇಳಿದ: "ಸೂಪರ್ ಮಾರ್ಕೆಟ್‌ನಾಗ ಒಂದು ಅಂಗಡಿ ಕೆಡವಿದ್ರೂ ಮಂದಿ ವರ್ಷಗಟ್ಲೆ ಅದೇ ಅಂಗಡಿ ಕೇಳ್ಕೋತ ಬರ್ತಾರಲ್ಲ, ಹಂಗ. ಕಾಲು ಹೋಗ್ಯದ. ತಲಿಗಿ ಇನ್ನಾ ಸುದ್ದಿ ಮುಟ್ಟಿಲ್ಲ."

ಎಲ್ಲಿ ನೋವು ಎಂದು ಕೇಳಿದರು. "ಕಾಲು" ಎಂದೆ. ಕಾಲಿನಲ್ಲಿ ಎಲ್ಲಿ? "ಎಲ್ಲಾ ಕಡೆ" ಎಂದೆ. ಅವರು ಬರೆದುಕೊಂಡರು.

ಕೂದಲಿನಂಥ ಸೂಜಿಗಳನ್ನು ತೆಗೆದು ಡಾಕ್ಟರರು ನನ್ನ ಎಡಗಾಲಿನ ಕಡೆ ಕೂತರು. ಮೊಣಕಾಲಿನ ಕೆಳಗೆ ಒಂದು, ಪಾದದ ಮೇಲೆ ಎರಡು. ಚುಚ್ಚಿದ್ದು ಗೊತ್ತಾಗುವಷ್ಟರಲ್ಲಿ ಮುಗಿದಿತ್ತು. ಆದರೆ ಬಸಣ್ಣನ ಸಿಟ್ಟು ನೆತ್ತಿಗೇರಿತು.

"ಅಕ್ಕಾ, ಇವರು ಚಲೋ ಇದ್ದ ಕಾಲಿಗಿ ಚುಚ್ಚಾಕತ್ತಾರ. ಇದಕ್ಕ ಸಮುದ್ರ ದಾಟಿ ಬಂದೇವಾ?"

ಡಾಕ್ಟರರಿಗೆ ಅವನು ಬೆರಳಿನಿಂದ ಬಲಗಡೆ, ಬಲಗಡೆ ಎಂದು ತೋರಿಸಿದ. ಅವರು ನಕ್ಕು, ಬಲಗಡೆ ಚುಚ್ಚಲು ಏನಿದೆ ಎಂದು ಕೇಳಿದರು. ಹೋದ ಕಾಲಿನ ಜಾಗವನ್ನು ಇದ್ದ ಕಾಲಿನಲ್ಲಿ ಹುಡುಕಿ ಅದೇ ಜಾಗದಲ್ಲಿ ಚುಚ್ಚುವುದು ಅವರ ಪದ್ಧತಿಯಂತೆ. ಬಸಣ್ಣ ಒಪ್ಪಲಿಲ್ಲ.

ಆಮೇಲೆ ಯಂತ್ರ. ಸಣ್ಣ ಟ್ರಾನ್ಸಿಸ್ಟರ್ ರೇಡಿಯೊದಷ್ಟು ಡಬ್ಬಿ, ಅದರಿಂದ ಎರಡು ತಂತಿ, ತಂತಿಯ ತುದಿಗೆ ರಬ್ಬರಿನ ಬಿಲ್ಲೆ. ಕುಸುಮಾ ಎಂಬ ನರ್ಸ್ ತಣ್ಣನೆಯ ಅಂಟು ಹಚ್ಚಿ, ಕಡಿದ ಕಾಲಿನ ಮೋಟಿಗೆ ಬಿಲ್ಲೆ ಅಂಟಿಸಿದಳು. ಡಾಕ್ಟರರು ಗುಂಡಿ ತಿರುಗಿಸುತ್ತ, ಜುಮ್ಮೆನ್ನುವುದು ಹಿತವಾಗಿದ್ದಾಗ ಸಾಕು ಎನ್ನಿ ಎಂದರು. ಇರುವೆಗಳು ಸಾಲು ಹಿಡಿದು ಹರಿದ ಹಾಗಾಯಿತು. ಸಾಕು ಎನ್ನಬೇಕಿತ್ತು. ಅಷ್ಟು ದೊಡ್ಡ ಡಾಕ್ಟರರಿಗೆ ನಾನು ಸಾಕು ಎನ್ನುವುದೇ? ಅವರು ಇನ್ನಷ್ಟು ತಿರುಗಿಸಿದರು. ಇರುವೆಗಳು ಜೇನಾದವು. ನಾನು ಸುಮ್ಮನಿದ್ದೆ. ಇನ್ನಷ್ಟು ತಿರುಗಿಸಿದರು. ತೊಡೆ ತಾನೇ ತಾನಾಗಿ ಕುಣಿಯತೊಡಗಿತು, ಮಂಚ ಗಡಗಡ ಎಂದಿತು, ಆಗ ಬಸಣ್ಣ ಓಡಿ ಬಂದು ಡಬ್ಬಿಯನ್ನೇ ಹಿಡಿದುಕೊಂಡ.

ಪಕ್ಕದ ಮಂಚದಿಂದ ಯಾರೋ ಹೆಂಗಸು ದೊಡ್ಡದಾಗಿ ನಕ್ಕರು.

ಹಲೀಮಾ ಆಪಾ

ಮೂರನೆಯ ದಿನ ಕುಸುಮಾ ಚಹಾ ತಂದಾಗ, ಬೇಡ ಎನ್ನಲು ನನ್ನ ಬಾಯಿಂದ "ನಕ್ಕೊ" ಎಂದು ಬಂತು. ನಿಜಾಮರ ಕಾಲದ ಸಾಲಿಯಲ್ಲಿ ನಾಲ್ಕನೆಯ ತರಗತಿಯವರೆಗೆ ಉರ್ದೂ ಕಲಿತವಳು ನಾನು. ಪರದೇಶದವರಿಗೆ ಹೇಳುವಾಗ ಆ ಭಾಷೆಯೇ ಮುಂದೆ ಬಂದು ನಿಂತಿತು. ಪಕ್ಕದ ಮಂಚದ ಹೆಂಗಸು ಥಟ್ಟನೆ ಎದ್ದು ಕೂತರು. ನಕ್ಕೊ ಎಂದವರು ಯಾರು ಎಂದು ಕೇಳಿದರು.

ಅವರು ಹಲೀಮಾ ಆಪಾ, ಆಪಾ ಎಂದರೆ ಅಕ್ಕ, ಕರಾಚಿಯಿಂದ ಬಂದವರು. ಹುಟ್ಟಿದ್ದು ಹೈದರಾಬಾದಿನಲ್ಲಿ, ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಆ ಕಡೆ ಹೋದವರು. ಅದು ನಮ್ಮ ಹೈದರಾಬಾದ್ ಕಡೆಯ ಮಾತು, ಮೂವತ್ತು ವರ್ಷಗಳಿಂದ ಸುತ್ತಲಿನವರು ಯಾರೂ ನಕ್ಕೊ ಎಂದದ್ದು ಕೇಳಿಲ್ಲ ಎಂದು ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ನಾನು ಖಡಕ್ ರೊಟ್ಟಿ ಕೊಟ್ಟೆ. ಅವರು ನೀರಿನಲ್ಲಿ ಅದ್ದಿ ತಿಂದರು. ಅವರ ಮಾತನ್ನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ, ನಿಮಗೆ ತಿಳಿಯಲಿ.

ಸಕ್ಕರೆ ಕಾಯಿಲೆಯಿಂದ ಅವರ ಎಡಗಾಲು ಹೋಗಿತ್ತು. ಆ ಕಾಲು ನಮಾಜಿಗೆ ಕೂತಾಗ ಮಡಚಿದ ಹಾಗೆ ಮಡಚಿಕೊಂಡೇ ಇದೆ, ಬಿಚ್ಚಲು ಆಗುತ್ತಿಲ್ಲ, ಅದೇ ನೋವು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಡಾಕ್ಟರರಿಗೆ, ಕುಸುಮಾಳಿಗೆ, ಕಸ ಹೊಡೆಯುವವರಿಗೆ, ಬಸಣ್ಣನಿಗೆ. ಸಾಕು ಎನ್ನುವುದಕ್ಕೂ ಅವರಿಗೆ ಸಂಕೋಚವಿಲ್ಲ. ಯಂತ್ರದ ಗುಂಡಿ ಕೂದಲಷ್ಟು ಹೆಚ್ಚಾದರೂ ದವಾಖಾನೆಗೆಲ್ಲ ಕೇಳುವಂತೆ ಕೂಗುತ್ತಿದ್ದರು. ದಿನದಿಂದ ದಿನಕ್ಕೆ ಅವರ ಕಾಲು ಸ್ವಲ್ಪ ಸ್ವಲ್ಪವೇ ಬಿಚ್ಚಿಕೊಳ್ಳುತ್ತಿತ್ತು. ನನ್ನದು ಹಾಗೇ ಇತ್ತು.

ಹುಣ್ಣಿಮೆಯ ದಿನ

ಒಂದು ಬೆಳಿಗ್ಗೆ ದವಾಖಾನೆಗೆ ರಜೆ. ನಾವು ಇಳಿದುಕೊಂಡಿದ್ದ ಕೋಣೆಯ ಕಿಟಕಿಯಿಂದ ನೋಡುತ್ತೇನೆ, ಬೀದಿ ತುಂಬ ಹೆಂಗಸರು, ಎಲ್ಲರೂ ಬಿಳಿ ಸೀರೆಯಲ್ಲಿ. ಮುದುಕಿಯರು, ಹರೆಯದವರು, ಸೊಂಟದ ಮೇಲೆ ಕೂಸು ಇದ್ದವರು. ಒಂದೇ ದಿನ ಇಷ್ಟು ಜನ ಗಂಡನನ್ನು ಕಳೆದುಕೊಳ್ಳಬೇಕಾದರೆ ಹಡಗು ಮುಳುಗಿರಬೇಕು, ಇಲ್ಲವೇ ಲಡಾಯಿ ಆಗಿರಬೇಕು. ಬಸಣ್ಣನನ್ನು ಎಬ್ಬಿಸಿದೆ. ಅವನು ಮುಖ ತೊಳೆದು, ಅಂಗಿ ಹಾಕಿಕೊಂಡು, ಕೆಳಗಿನ ಮನೆಯ ಒಡತಿಯ ಹತ್ತಿರ ಹೋದ. ಆಕೆಯೂ ಬಿಳಿ ಸೀರೆ. ಇವನು ತಲೆ ತಗ್ಗಿಸಿ ನಿಂತು, ಬಹಳ ವ್ಯಸನವಾಯಿತು ಎಂದು ಇಂಗ್ಲಿಷಿನಲ್ಲಿ ಹೇಳಿದ. ಅಷ್ಟರಲ್ಲಿ ಆಕೆಯ ಗಂಡ ಒಳಗಿನಿಂದ ಹೂವಿನ ತಟ್ಟೆ ಹಿಡಿದು ಬಂದರು.

ಅವತ್ತು ಹುಣ್ಣಿಮೆ. ಬುದ್ಧನ ಗುಡಿಗೆ ಹೋಗಲು ಆ ಊರವರು ಬಿಳಿ ಉಡುತ್ತಾರೆ.

ಕುಸುಮಾ ಬಂದು ನನ್ನನ್ನೂ ಗುಡಿಗೆ ಕರೆದುಕೊಂಡು ಹೋದಳು. ಕೈಗೆ ಒಂದು ಕಮಲದ ಹೂವು ಕೊಟ್ಟಳು. ನಾನು ನಾಲ್ಕು ವರ್ಷದಿಂದ ಬಿಳಿ ಸೀರೆಯವಳೇ. ಕಮಲಾಪುರದಲ್ಲಿ ಯಾರಾದರೂ ಶುಭಕಾರ್ಯಕ್ಕೆ ಹೊರಟಾಗ ನಾನೇ ತಿಳಿದು ಒಳಗೆ ಸರಿಯುತ್ತಿದ್ದೆ. ಇಲ್ಲಿ ಆ ಸೀರೆಯನ್ನೇ ಹಬ್ಬಕ್ಕೆ ಉಟ್ಟು ಬಂದವಳಾದೆ. ಎದುರು ಬಂದವರು ನಕ್ಕು ದಾರಿ ಬಿಟ್ಟರು. ಗಂಡ ಇದ್ದವಳು ಯಾರು, ಇಲ್ಲದವಳು ಯಾರು ಎಂದು ಅಲ್ಲಿ ನೋಡಿದರೆ ತಿಳಿಯುವುದಿಲ್ಲ. ಅವರ ಕಾಲು ನೋಡಿದೆ. ಯಾರ ಬೆರಳಿನಲ್ಲೂ ಕಾಲುಂಗುರ ಇರಲಿಲ್ಲ.

ಒಂಬತ್ತನೆಯ ದಿನ

ಹನ್ನೆರಡು ಸಲ ಸೂಜಿ ಎಂದು ನಿಶ್ಚಯವಾಗಿತ್ತು. ಎಂಟು ಮುಗಿದಿದ್ದವು. ಅವತ್ತು ಡಾಕ್ಟರರು ಸೂಜಿ ತೆಗೆಯದೆ ಕುರ್ಚಿ ಎಳೆದುಕೊಂಡು ಕೂತರು. ನಿಖರವಾದ ಜಾಗ ತಿಳಿಯದೆ ನಾನು ಕತ್ತಲೆಯಲ್ಲಿ ಹುಡುಕುತ್ತಿದ್ದೇನೆ, ಕೊನೆಯ ಸಲ ಕೇಳುತ್ತೇನೆ, ಎಲ್ಲಿ ನೋವು, ಎಂಥ ನೋವು ಎಂದರು. ಬಸಣ್ಣ ಅದನ್ನು ನನಗೆ ಕನ್ನಡದಲ್ಲಿ ಹೇಳಿದ. ನಾನು ಅವನ ಮುಖ ನೋಡಿದೆ. "ಕಾಲು" ಎಂದೆ.

ಹಾಗಿದ್ದರೆ ಉಳಿದ ನಾಲ್ಕು ದಿನ ಇಲ್ಲಿರುವುದರಲ್ಲಿ ಅರ್ಥವಿಲ್ಲ, ಊರಿಗೆ ಹೋಗಿರಿ ಎಂದು ಡಾಕ್ಟರರು ಎದ್ದರು. ಬಸಣ್ಣನ ಮುಖ ಸಣ್ಣದಾಯಿತು. ನನ್ನ ಕಣ್ಣಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹಿಂದಕ್ಕೆ ಸರಿಯುವ ನಿಮ್ಮ ಅವ್ವ ಬಂದಳು.

ಪಕ್ಕದ ಮಂಚದಿಂದ ಹಲೀಮಾ ಆಪಾ ಎಲ್ಲವನ್ನೂ ನೋಡುತ್ತಿದ್ದರು. ಬಸಣ್ಣನನ್ನು ಕರೆದು, ನನಗೆ ಎಲೆ ಅಡಿಕೆ ಬೇಕು, ಸುಣ್ಣ ಬೇರೆ ಕಟ್ಟಿಸಿಕೊಂಡು ಬಾ, ಎಲೆ ಎಳೆಯದಿರಲಿ, ಹತ್ತಿರದ ಅಂಗಡಿಯದು ಬೇಡ ಎಂದು ಕಳಿಸಿದರು. ಅವನು ಹೋದ ಮೇಲೆ ನನ್ನ ಕಡೆ ತಿರುಗಿದರು.

"ಈಗ ಹೇಳು. ಕಾಲಿನಾಗ ಏನದ?"

ಹೇಳಿದೆ. ಯಾಕೆ ಹೇಳಿದೆನೋ. ಉರ್ದೂವಿನಲ್ಲಿ ಹೇಳಿದ್ದಕ್ಕೆ ಅದು ಬೇರೆ ಯಾರದೋ ಮಾತಿನ ಹಾಗೆ ಕೇಳಿಸಿತು. ಕಾಲುಂಗುರ ಇದೆ. ಮಣ್ಣಿನಲ್ಲಿದೆ, ಬೆರಳಿನಲ್ಲಿಯೂ ಇದೆ. ಅದು ಬಿಗಿಯುತ್ತದೆ. ನನಗೆ ಅದು ಇರಬಾರದು.

ಆಪಾ ನಗಲಿಲ್ಲ. "ನನ್ನ ಕಾಲು ನಮಾಜಿನಾಗ ಸಿಕ್ಕದ, ನಿಂದು ಲಗ್ನದಾಗ ಸಿಕ್ಕದ. ಇಷ್ಟೇ. ಡಾಕ್ಟರಿಗಿ ಹೇಳ್ಲಿಕ್ಕಿ ಇದರಾಗ ಏನು ನಾಚಿಕಿ?"

ಅವರೇ ಇಂಗ್ಲಿಷಿನಲ್ಲಿ ಡಾಕ್ಟರರಿಗೆ ಹೇಳಿದರು. ಡಾಕ್ಟರರು ಮತ್ತೆ ಕೂತರು. ಆದರೆ ಕಾಲಿನ ಉಂಗುರ ಎಂದರೆ ಅವರಿಗೆ ತಿಳಿಯಲಿಲ್ಲ. ಯಾವ ಬೆರಳು, ಬುಡದಲ್ಲೋ ನಡುವೆಯೋ, ಎಷ್ಟು ಅಗಲ? ಆಪಾ ವಿವರಿಸಿ ವಿವರಿಸಿ ಸಾಕಾಗಿ, ತಮ್ಮ ಕಿರುಬೆರಳಿನ ಬೆಳ್ಳಿಯ ಉಂಗುರ ಕಿತ್ತು, ನನ್ನನ್ನು ಕೇಳದೆ, ಎಡಗಾಲಿನ ಎರಡನೇ ಬೆರಳಿಗೆ ಒತ್ತಿಬಿಟ್ಟರು.

ನಾನು ಕಾಲು ಎಳೆದುಕೊಂಡೆ. ತಡವಾಗಿತ್ತು. ಉಂಗುರ ಗಂಟು ದಾಟಿ ಬುಡಕ್ಕೆ ಇಳಿದು ಬಿಗಿಯಾಗಿ ಕೂತಿತು. ಈಗ ಎರಡೂ ಕಾಲು ಒಂದೇ ಜಾಗದಲ್ಲಿ ಒಂದೇ ತರಹ ಹಿಂಡಿದವು.

"ಇದೇ, ಇಲ್ಲೇ" ಎಂದೆ. ಆ ದವಾಖಾನೆಯಲ್ಲಿ ಡಾಕ್ಟರರಿಗೆ ನಾನೇ ನೇರವಾಗಿ ಹೇಳಿದ ಮೊದಲ ಮಾತು. ಕನ್ನಡದಲ್ಲಿ ಹೇಳಿದ್ದೆ, ಅವರಿಗೆ ತಿಳಿಯಿತು. ನೀಲಿ ಪೆನ್ನಿನಿಂದ ಉಂಗುರದ ಗುಂಟ ಗೆರೆ ಎಳೆದರು.

ಗೆರೆ ಎಳೆದ ಮೇಲೆ ತೆಗೆಯಲು ಹೋದರೆ ಉಂಗುರ ಬರಲೊಲ್ಲದು. ಬೆರಳು ಉಬ್ಬಿತ್ತು. ಆಪಾ ಎಳೆದರು, ಕುಸುಮಾ ಎಳೆದಳು. ಅದೇ ಹೊತ್ತಿಗೆ ಬಸಣ್ಣ ಎಲೆ ಅಡಿಕೆ ಹಿಡಿದು ಒಳಗೆ ಬಂದ. ನನ್ನ ಕಾಲು ನೋಡಿದ. ನಾನು ಸೀರೆಯ ಅಂಚು ಎಳೆದುಕೊಳ್ಳುವಷ್ಟರಲ್ಲಿ ನೋಡಿಬಿಟ್ಟಿದ್ದ. ಪೊಟ್ಟಣವನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ. ಬಸಣ್ಣ ಮಾತಾಡದೆ ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕುಸುಮಾ ಕೊಬ್ಬರಿ ಎಣ್ಣೆ ತಂದಳು. ಆ ದೇಶದಲ್ಲಿ ಕೈ ಚಾಚಿದರೆ ಕೊಬ್ಬರಿ ಎಣ್ಣೆ. ಬೆರಳಿಗೆ ಹಚ್ಚಿ ಉಂಗುರ ಹಿಡಿಯಲು ಬಂದಾಗ ನಾನು ಅವಳ ಕೈ ತಡೆದೆ. ಹಿಂದಿನ ಸಲ ಓಣಿಯ ಹೆಂಗಸರು ತೆಗೆದಾಗ ನನ್ನ ಕಾಲು ಬೇರೆಯವರ ಕೈಯಲ್ಲಿತ್ತು. ನಾನು ಗೋಡೆ ನೋಡುತ್ತ ಕೂತಿದ್ದೆ. ಈ ಸಲ ನಾನೇ ಬಗ್ಗಿ, ತಿರುವಿ ತಿರುವಿ, ಮೆಲ್ಲಗೆ ತೆಗೆದೆ. ಒರೆಸಿ ಆಪಾ ಅವರ ಕೈಗೆ ಕೊಟ್ಟೆ.

ನೀಲಿ ಗೆರೆಯ ಎರಡು ಬದಿಗೆ ಎರಡು ಸೂಜಿ ಬಿದ್ದವು. ಮೋಟಿಗೆ ರಬ್ಬರಿನ ಬಿಲ್ಲೆ. ಡಾಕ್ಟರರು ಗುಂಡಿ ತಿರುಗಿಸಿದರು. ಇರುವೆಗಳು ಹೊರಟವು. "ಸಾಕು" ಎಂದೆ. ಅವರು ಕೈ ತೆಗೆದರು.

ಪವಾಡವೇನೂ ಆಗಲಿಲ್ಲ. ಕಣ್ಣು ಮುಚ್ಚಿ ಮಲಗಿದ್ದವಳಿಗೆ ಸ್ವಲ್ಪ ಹೊತ್ತಿನ ಮೇಲೆ, ಪತ್ತಾರ ಉಂಗುರವನ್ನು ಮೊಳೆಗೆ ಹಾಕಿ ಒಂದು ಏಟು ಕೊಟ್ಟು ಹಿಗ್ಗಿಸಿದ ಹಾಗೆ, ಕೂದಲೆಳೆಯಷ್ಟು ಸಡಿಲವಾಯಿತು. ಮರುದಿನ ಇನ್ನೊಂದು ಕೂದಲೆಳೆ. ಹನ್ನೆರಡನೆಯ ದಿನ ಡಾಕ್ಟರರು, ಪೂರ್ತಿ ಹೋಗುತ್ತದೆ ಎಂದು ನಾನು ಹೇಳಲಾರೆ, ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಮರಳಿ ಬರುತ್ತದೆ, ಡಬ್ಬಿ ತೆಗೆದುಕೊಂಡು ಹೋಗಿ ದಿನಾ ಹಚ್ಚಿಕೊಳ್ಳಿರಿ ಎಂದರು. ಆಪಾ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದರು. ಇಬ್ಬರು ಹೆಂಗಸರು, ಎರಡು ಕಾಲು. ಒಬ್ಬರನ್ನೊಬ್ಬರು ಹಿಡಿದುಕೊಂಡು ಬಾಗಿಲು ದಾಟುವುದು ನೋಡಿ ಕುಸುಮಾ ಅಳಬೇಕೋ ನಗಬೇಕೋ ತಿಳಿಯದೆ ನಿಂತಳು.

ಹಡಗಿನ ಮೇಲೆ

ಬರುವಾಗ ಕಾಲನ್ನು ಎರಡು ಪಟ್ಟಿಯಿಂದ ಕಟ್ಟಿಕೊಂಡಿದ್ದೆ. ಬಸಣ್ಣ ಆ ದಿನದಿಂದ ಮಾತು ಕಡಿಮೆ ಮಾಡಿದ್ದ. ಹಡಗು ನಡುನೀರಿಗೆ ಬಂದಾಗ ಪಕ್ಕದಲ್ಲಿ ಬಂದು ಕೂತ.

"ಆಪಾ ಎಲ್ಲಾ ಹೇಳಿದ್ರು" ಎಂದ. "ಅವತ್ತು ನಾ ತೆಗೀಬೇಕಿತ್ತು ಅಕ್ಕಾ. ಮಾಮಾ ಇದ್ರಲ್ಲ ಅಂತ ಬಿಟ್ಟೆ. ನಾಲ್ಕು ವರ್ಷ ನಿನಗ ನಾನೇ ನೋವು ಕೊಟ್ಟಂಗಾಯ್ತು."

ನಾನು ಅವನ ಬೆನ್ನ ಮೇಲೆ ಕೈ ಇಟ್ಟೆ.

"ಊರಿಗಿ ಹೋದ ಕೂಡ್ಲೇ ಅಗದು ತೆಗೀತೀನಿ. ಜಾಗ ನನಗ ನೆನಪದ."

"ತೆಗೀಬ್ಯಾಡ."

"ಯಾಕ? ಅದು ಇದ್ರ ನೋವು ಇರ್ತದಲ್ಲ."

"ಈ ಕಾಲಿಂದು ಮಂದಿ ತೆಗದ್ರು. ನನ್ನ ಒಂದು ಮಾತು ಕೇಳಲಿಲ್ಲ" ಎಂದೆ. "ಆ ಕಾಲಿಂದು ನಾ ಕೊಡಂಗಿಲ್ಲ. ನೋವು ಹೋಗ್ಲಿ, ಉಂಗುರ ಇರ್ಲಿ."

ಬಸಣ್ಣ ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದ. "ಇಷ್ಟು ಮಾತು ನಿನಗ ಯಾವಾಗ ಬಂತು?" ಎಂದ. ಆಮೇಲೆ ಎದ್ದು ಹೋಗಿ ಪಕ್ಕದ ಸಾಲಿನವರಿಗೆ ನನ್ನ ಕಾಲಿನ ಕಥೆ ಹೇಳತೊಡಗಿದ. ಅವನು ಸರಿಹೋದ ಎಂದು ಸಮಾಧಾನವಾಯಿತು.

ಕಮಲಾಪುರ

ಡಬ್ಬಿ ಬ್ಯಾಟರಿಯದು. ಊರಿಗೆಲ್ಲ ಕರೆಂಟ್ ಹೋದಾಗಲೂ ನನ್ನ ಕಾಲಿಗೆ ಮಾತ್ರ ಇರುತ್ತಿತ್ತು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಿಲ್ಲೆಯನ್ನು ಕೈಗೆ ಹಚ್ಚಿಸಿಕೊಂಡು ಕಿಲಕಿಲ ನಕ್ಕು ಹೋಗುತ್ತಿದ್ದರು. ಅವರಲ್ಲಿ ನನ್ನ ಉಂಗುರ ತೆಗೆದಿದ್ದ ಮುದುಕಿಯೂ ಇದ್ದಳು. ನನಗೆ ಅವಳ ಮೇಲೆ ಸಿಟ್ಟೇನೂ ಇರಲಿಲ್ಲ. ಗುಂಡಿಯನ್ನು ಒಂದು ಸುತ್ತು ಹೆಚ್ಚು ತಿರುಗಿಸಿದೆ, ಅಷ್ಟೇ.

ಮೊದಮೊದಲು ದಿನಾ ಹಚ್ಚಿಕೊಳ್ಳುತ್ತಿದ್ದೆ, ಆಮೇಲೆ ವಾರಕ್ಕೆ ಒಮ್ಮೆ, ಆಮೇಲೆ ಥಂಡಿಯ ದಿನಗಳಲ್ಲಿ ಮಾತ್ರ. ನಿಮ್ಮ ಅವ್ವ ಬಂದು ನನ್ನ ಪಕ್ಕದಲ್ಲಿ ಕೂತು ರೊಟ್ಟಿ ತಟ್ಟುವುದು ಕಲಿತದ್ದು ಆ ವರ್ಷವೇ. ಉಂಗುರ ಹೋಗಲಿಲ್ಲ. ಬಿಗಿಯುವುದನ್ನು ಬಿಟ್ಟಿತು. ಈಗಲೂ ಕಣ್ಣು ಮುಚ್ಚಿದರೆ ಬೆರಳಿಗೆ ತಣ್ಣಗೆ ತಗಲುತ್ತದೆ.

ಮಹಾಗಾಂವದ ಆ ಹೊಲವನ್ನು ಈಗ ಟ್ರ್ಯಾಕ್ಟರಿನಿಂದ ಉಳುತ್ತಾರೆ. ಟ್ರ್ಯಾಕ್ಟರು ನಮ್ಮ ನೇಗಿಲಿಗಿಂತ ಆಳಕ್ಕೆ ಹೋಗುತ್ತದೆ. ಬೇವಿನ ಗಿಡದ ಹತ್ತಿರ ಎಂದಾದರೂ ನಿಮ್ಮ ಕಣ್ಣಿಗೆ ಬೆಳ್ಳಿಯ ಸುತ್ತು ಬಿದ್ದರೆ, ತೊಳೆದು ಮನೆಗೆ ತರಬೇಡಿರಿ, ಪತ್ತಾರನಿಗೂ ಕೊಡಬೇಡಿರಿ. ಅಲ್ಲೇ ಮಣ್ಣು ಮುಚ್ಚಿ ಬನ್ನಿರಿ. ಅದನ್ನು ನಾನು ಇನ್ನೂ ಹಾಕಿಕೊಂಡಿದ್ದೇನೆ.